ಹಸಿರು ಟೋಪಿಯಡಿ ಮರೆಯಾದ ಸಂತ



ಮಾರ್ಚ್ 17ರಂದು ನೀವು ಡಬ್ಲಿನ್ ನಗರದಲ್ಲಿದ್ದೀರೆಂದು ಭಾವಿಸಿರಿ. ಅಲ್ಲಿ ದಾದಿಯಾಗಿ ದುಡಿಯುತ್ತಿರುವ ಮಗಳು ನಿಮ್ಮನ್ನು ಪ್ರವಾಸಿ ತಂಡವೊಂದಕ್ಕೆ ಸೇರಿಸಿದ್ದಾಳೆ. ಎಲ್ಲರ ತಲೆಯ ಮೇಲೂ ಹಸಿರು ಟೋಪಿ. ಟ್ರಿನಿಟಿ ಕಾಲೇಜಿನಲ್ಲಿ ಪುರಾತನ ಕೆಲ್ಸ್ ಗ್ರಂಥದ ದರ್ಶನ, ಲಿಫಿ ನದಿಯ ಸೇತುವೆಯ ಮೇಲೊಂದು ಛಾಯಾಚಿತ್ರ, ಬೀದಿಯಲ್ಲಿ ಮೆರವಣಿಗೆ, ಸಂಜೆಗೆ ಮದ್ಯದಂಗಡಿ. ದಿನ ಮುಗಿಯಿತು. ಆ ದಿನ ಯಾರದೆಂದು ತಂಡದಲ್ಲಿ ಒಬ್ಬರಾದರೂ ಕೇಳಿದರೇ?

ಅದು ಸಂತ ಪ್ಯಾಟ್ರಿಕರ ದಿನ. ಐದನೆಯ ಶತಮಾನದ ಈ ಸಂತರು ಐರ್ಲೆಂಡಿನವರಲ್ಲ, ಬ್ರಿಟನ್ನಿನವರು. ಹದಿನಾರರ ಹರೆಯದಲ್ಲಿ ಐರಿಷ್ ದರೋಡೆಕೋರರ ಕೈಗೆ ಸಿಕ್ಕಿ, ಆರು ವರ್ಷ ಗುಲಾಮರಾಗಿ ಮಂದೆ ಕಾದರು. ತಪ್ಪಿಸಿಕೊಂಡು ಮನೆ ಸೇರಿದವರು, ತಮ್ಮನ್ನು ಗುಲಾಮನನ್ನಾಗಿಸಿದ ಜನರ ಬಳಿಗೇ ಧರ್ಮಾಧ್ಯಕ್ಷರಾಗಿ ಮರಳಿದರು. ಆಗತಾನೇ ದೀಕ್ಷಾಸ್ನಾನ ಪಡೆದವರನ್ನು ಕೊಂದು, ಉಳಿದವರನ್ನು ಸೆರೆಹಿಡಿದು ಮಾರಿದ ಕೊರೊಟಿಕಸನ ಸೈನಿಕರನ್ನು ಖಂಡಿಸಿ ಅವರು ಬರೆದ ಪತ್ರ ಇಂದಿಗೂ ಉಳಿದಿದೆ. ಅಂಥವರನ್ನು ನಾವು ಟೋಪಿಯೊಂದಕ್ಕೆ ಇಳಿಸಿಬಿಟ್ಟೆವು!

ಹಬ್ಬದಂದು ನಕ್ಕು ನಲಿಯುವುದು ಪಾಪವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಕಾನಾ ಊರಿನ ಮದುವೆಯಲ್ಲಿ ಪ್ರಭುವೇ ದ್ರಾಕ್ಷಾರಸವನ್ನು ಒದಗಿಸಿದರು. ಆದರೆ ಮದುಮಗನನ್ನೇ ಮರೆತ ಮದುವೆ ಎಂಥ ಮದುವೆ? ಈ ಹಬ್ಬ ಬರುವುದು ಯಾವಾಗಲೂ ತಪಸ್ಸುಕಾಲದಲ್ಲೇ ಎಂಬುದನ್ನೂ ಮರೆಯಬಾರದು. 1903ರಲ್ಲಿ ಅದಕ್ಕೆ ಸಾರ್ವಜನಿಕ ರಜೆ ದೊರೆಯಿತು. 1927ರ ಕಾನೂನು ಅಂದು ಮದ್ಯದಂಗಡಿಗಳನ್ನು ಮುಚ್ಚಿಸಿತು. ಆ ನಿರ್ಬಂಧ ದಶಕಗಳ ಕಾಲ ನಡೆಯಿತು. 1996ರಲ್ಲಿ ಡಬ್ಲಿನ್‌ನಲ್ಲಿ ಆರಂಭವಾದ ಉತ್ಸವ ಇಂದು ಹಲವು ದಿನಗಳ ಸಂಭ್ರಮವಾಗಿ ಬೆಳೆದಿದೆ. ಹಬ್ಬ ಬೆಳೆದಂತೆ ಸಂತರು ಮಾತ್ರ ಕಿರಿದಾಗುತ್ತಾ ಬಂದರು.

ಸಂತರನ್ನು ಮರೆತರೆ ನಷ್ಟವೇನು? 2025ರ ಬೇಸಿಗೆಯನ್ನು ನೆನೆಯಿರಿ. ಅದೇ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳು ನಡೆದವು. ಅಂದಿನ ರಾಷ್ಟ್ರಾಧ್ಯಕ್ಷ ಮೈಕಲ್ ಹಿಗಿನ್ಸ್ ಅವುಗಳನ್ನು ಖಂಡಿಸಬೇಕಾಯಿತು. ಹೊರನಾಡಿನಿಂದ ಬಂದ ಗುಲಾಮನೊಬ್ಬನನ್ನು ಪಾಲಕ ಸಂತನೆಂದು ಕೊಂಡಾಡುವ ನಗರದಲ್ಲಿ ಹೊರನಾಡಿನವರಿಗೆ ಭಯ! ಸಂತರ ಬದುಕನ್ನು ಬದಿಗಿಟ್ಟು ಹೆಸರನ್ನು ಮಾತ್ರ ಮೆರೆಸಿದರೆ, ಆ ಹೆಸರು ಯಾರ ಮನಸ್ಸನ್ನೂ ತಿದ್ದಲಾರದು.

ಆದ್ದರಿಂದ ಪ್ರವಾಸಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿರಿ, ಮೆರವಣಿಗೆಯನ್ನೂ ನೋಡಿರಿ. ಆದರೆ ಬೆಳಿಗ್ಗೆ ಮೊದಲು ಬಲಿಪೂಜೆಯಲ್ಲಿ ಪಾಲ್ಗೊಳ್ಳಿರಿ. ಬಳಿಕ ತಂಡದ ಮಾರ್ಗದರ್ಶಿಯನ್ನು ಎಲ್ಲರೆದುರು ಕೇಳಿರಿ: "ಇಲ್ಲಿ ಮಂದೆ ಕಾಯುತ್ತಿದ್ದ ಆ ಗುಲಾಮ ಹುಡುಗನ ಕಥೆ ಹೇಳುವಿರಾ?" ಅವರಿಗೆ ಹೇಳಲು ಬಾರದಿದ್ದರೆ, ನೀವೇ ಹೇಳಿರಿ.