ಡಿಲೀಟ್ ಆತಂತ ಕೂಸಿಗೆ ಬೈಬ್ಯಾಡ್ರಿ

ಫೋಟೋ ಡಿಲೀಟ್ ಆದ್ವು ಅಂದ್ರ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲಿ ಕೇಳಿದ್ರೂ ಎರಡ ಮಾತು. ಒಬ್ಬರು "ಹೋತ್ ಬಿಡ್ರಿ, ಇನ್ ಬರಂಗಿಲ್ಲ" ಅಂತಾರ. ಇನ್ನೊಬ್ಬರು "ಒಂದ್ ಸಾಫ್ಟ್‌ವೇರ್ ಹಾಕಿದ್ರ ಎಲ್ಲಾ ಬರ್ತೈತಿ" ಅಂತಾರ. ಎರಡೂ ಸುಳ್ಳು ಅಂತೀನಿ ನಾ.

ಡಿಲೀಟ್ ಒತ್ತಿದ ಕೂಡ್ಲೆ ಹಾರ್ಡ್ ಡಿಸ್ಕ್‌ನ್ಯಾಗಿನ ಫೈಲ್ ಅಳಿಸಿ ಹೋಗಂಗಿಲ್ಲ. ಪಹಣ್ಯಾಗ ಹೆಸರು ಹೊಡದ್ರ ಹೊಲ ಎಲ್ಲಿಗೆ ಹೋಗ್ತೈತ್ರಿ? 'ಈ ಜಾಗ ಖಾಲಿ' ಅಂತ ಬರಕೊಂತೈತಿ, ಅಷ್ಟ. ಹೊಸಾ ಫೈಲ್ ಬಂದು ಅದರ ಮ್ಯಾಲ ಕುಂತಾಗ ಹಳೇದು ಖರೇನ ಹೋಗ್ತೈತಿ. ಅದಕ್ಕ ಮೊದ್ಲು ರಿಸೈಕಲ್ ಬಿನ್ ನೋಡ್ರಿ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ರ ಟ್ರ್ಯಾಶ್‌ನ್ಯಾಗ 60 ದಿನ ಇರ್ತಾವ. ಅಲ್ಲೂ ಇಲ್ಲಂದ್ರ ಫೋಟೋರೆಕ್ ಐತಿ, ರೆಕುವಾ ಐತಿ. ಫೋಟೋರೆಕ್‌ಗೆ ಒಂದ್ ರೂಪಾಯಿ ಖರ್ಚಿಲ್ಲ.

ಹಂಗಂತ ಸಾಫ್ಟ್‌ವೇರ್ ದೇವರಲ್ಲ. ಮಂದಿ ಮಾಡೋದೇನು? ಯಾವ ಡ್ರೈವ್‌ನ್ಯಾಗ ಫೈಲ್ ಹೋಗ್ಯಾವೋ ಅದರಾಗ ಆ ಸಾಫ್ಟ್‌ವೇರ್ ಇಳಿಸ್ತಾರ. ಬಿದ್ದ ಮೂಗುತಿ ಹುಡಕಾಕ ಹೊಲಕ್ಕ ಟ್ರ್ಯಾಕ್ಟರ್ ಬಿಟ್ಟಂಗಾತು! ಮೆಮೊರಿ ಕಾರ್ಡ್ ಆದ್ರ ಮೊದ್ಲು ಹೊರಗ ತೆಗೀರಿ, ಮತ್ತೊಂದ್ ಫೋಟೋ ಹೊಡೀಬ್ಯಾಡ್ರಿ. ಬ್ಯಾರೆ ಕಂಪ್ಯೂಟರಿಗೆ ಹಚ್ಚಿ ಹುಡಕ್ರಿ, ಸಿಕ್ಕದ್ದನ್ನ ಬ್ಯಾರೆ ಡಿಸ್ಕ್‌ನ್ಯಾಗ ಇಡ್ರಿ. ಫೋಟೋರೆಕ್ ತಂದ ಫೈಲ್‌ಗಳಿಗೆ ಹಳೇ ಹೆಸರು ಸಾಮಾನ್ಯವಾಗಿ ಇರಂಗಿಲ್ಲ, ಬರೇ ನಂಬರ್. ಹೊಸಾ ಎಸ್‌ಎಸ್‌ಡಿ ಇದ್ರ ಟ್ರಿಮ್ ಅನ್ನೋ ವ್ಯವಸ್ಥಾ ಖಾಲಿ ಜಾಗಾನ ತಾನ ಸ್ವಚ್ಛ ಮಾಡಿಬಿಡ್ತೈತಿ. ಅಲ್ಲಿ ಆಸೆ ಕಮ್ಮಿ. ಫ್ಯಾಕ್ಟರಿ ರಿಸೆಟ್ ಆದ ಇವತ್ತಿನ ಫೋನ್‌ನ್ಯಾಗಂತೂ ಬೀಗದ ಕೀಲಿನ ಹೋಗಿರ್ತೈತಿ. ಅದನ್ನೂ ತೆಗೆದುಕೊಡ್ತೀನಿ ಅಂತ ಮೊದಲ ರೊಕ್ಕ ಕೇಳಿದ್ರ ಎದ್ದು ಬರ್ರಿ.

ನನಗ ಸಿಟ್ಟು ಬರೋದು ಇದರ ಮುಂದಿನ ಮಾತಿಗೆ. ಫೈಲ್ ಹೋತಂದ್ರ ಮನ್ಯಾಗ ಬೈಸಿಕೊಳ್ಳೋದು ಯಾರು? ಫೋನ್ ಹಿಡಿದ ಕೂಸು, ಇಲ್ಲಾ ಅವರವ್ವ. ಎರಡನೇ ಕಾಪಿ ಮಾಡದ ಯಜಮಾನನಿಗೆ ಯಾರೂ ಏನೂ ಅನ್ನಂಗಿಲ್ಲ! ಹೊಲದ ಪಹಣಿನ ಸರ್ಕಾರ ಭೂಮಿ ತಂತ್ರಾಂಶದಾಗ ಇಟ್ಟೈತಿ. ಮನ್ಯಾಗಿನ ಕಾಗದ ಹರದ್ರೂ ಮತ್ತೊಂದ್ ಸಿಗ್ತೈತಿ. ಅಜ್ಜಿ ಹಾಡಿದ ಸೋಬಾನ ಪದಕ್ಕ ಯಾವ ಕಚೇರಿ ಐತ್ರಿ? ಆಕಿ ಹೋದಮ್ಯಾಲ ಆ ದನಿ ಇರೋದು ಒಂದ ಫೋನ್‌ನ್ಯಾಗ. ಅದು ಒಂದ ಇದ್ದದ್ದ ತಪ್ಪು, ಕೂಸಿನ ಬೆರಳಲ್ಲ.

ನಮ್ಮ ಮಸ್ಕಿನ ನೋಡ್ರಿ. ಅಲ್ಲಿ ಅಶೋಕನ ಶಾಸನ 1915ರಾಗ ಸಿಕ್ತು, ಅದರಾಗ ರಾಜನ ಹೆಸರ ಐತಿ. ಅಲ್ಲಲ್ಲಿ ಅಕ್ಷರ ಸವದಾವ. ಆದ್ರ ಆ ರಾಜ ಅದ ಸಂದೇಶಾನ ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಅತ್ತಾಗ ಬ್ರಹ್ಮಗಿರಿ, ಸಿದ್ದಾಪುರದಾಗೂ ಕೆತ್ತಿಸಿದ್ದ. ಒಂದ್ ಕಡೆ ಅಳಿಸಿದ್ದು ಇನ್ನೊಂದ್ ಕಡೆ ಓದಾಕ ಸಿಗ್ತೈತಿ. ಎರಡು ಸಾವಿರ ವರ್ಷದ ಹಿಂದ ಬಂಡಿಗಲ್ಲನ್ನೂ ಒಂದನ್ನ ನಂಬಲಿಲ್ಲ ಅವ. ನಾವು ಉಗುರಿನಷ್ಟು ಮೆಮೊರಿ ಕಾರ್ಡ್ ನಂಬಿ ಕುಂತೀವಿ.

ಈ ಐತವಾರ ಒಂದ್ ಪೆನ್‌ಡ್ರೈವ್ ತರ್ರಿ. ಅಜ್ಜಿ ದನಿ ಮೊದ್ಲು ಹಾಕ್ರಿ.