ಗರ್ಬಾ ಆಡಿದ್ದು ಮೋದಿಯಲ್ಲ, ಆದರೆ ಅದು ಡೀಪ್‌ಫೇಕೂ ಅಲ್ಲ!

2023ರ ನವೆಂಬರ್‌ನಲ್ಲಿ ಎರಡು ವಿಡಿಯೊಗಳು ಭಾರಿ ಸದ್ದು ಮಾಡಿದವು. ಒಂದರಲ್ಲಿ ಬೇರೊಬ್ಬ ಯುವತಿಯ ವಿಡಿಯೊಗೆ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಲಾಗಿತ್ತು. ಅದು ಅಪ್ಪಟ ಡೀಪ್‌ಫೇಕ್. ಇನ್ನೊಂದರಲ್ಲಿ ಪ್ರಧಾನಿ ಮೋದಿ ಮಹಿಳೆಯರೊಂದಿಗೆ ಗರ್ಬಾ ಆಡುತ್ತಿರುವಂತೆ ಕಾಣುತ್ತಿತ್ತು. ಶಾಲಾ ದಿನಗಳ ನಂತರ ತಾವು ಗರ್ಬಾ ಆಡಿಯೇ ಇಲ್ಲ ಎಂದ ಮೋದಿ, ನವೆಂಬರ್ 17ರಂದು ದೆಹಲಿಯಲ್ಲಿ ಡೀಪ್‌ಫೇಕ್ ಅಪಾಯಕ್ಕೆ ಅದನ್ನೇ ಉದಾಹರಣೆಯಾಗಿ ಕೊಟ್ಟರು.

ಫ್ಯಾಕ್ಟ್‌ಚೆಕ್ ಮಾಡಿದವರಿಗೆ ಸಿಕ್ಕಿದ್ದು ಮಾತ್ರ ಬೇರೆಯೇ. ಕುಣಿದವರು ಮುಂಬೈನ ವಿಕಾಸ್ ಮಹಾಂತೆ, ಮೋದಿಯವರ ತದ್ರೂಪಿ. ಅದೇ ಗಡ್ಡ, ಅದೇ ಕನ್ನಡಕ, ಅದೇ ಧಾಟಿಯ ಉಡುಪು. ಲಂಡನ್‌ನ ದೀಪಾವಳಿ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋದವರು ಕುಣಿದಿದ್ದರು, ಅಷ್ಟೇ!

ನಗು ತರಿಸುವ ಈ ಪ್ರಸಂಗವೇ ಹೆಚ್ಚು ಕಗ್ಗಂಟಿನದು. ರಶ್ಮಿಕಾ ಪ್ರಕರಣದಲ್ಲಿ ತಿದ್ದಿದ ಗುರುತು ವಿಡಿಯೊದಲ್ಲೇ ಇತ್ತು. ಇಲ್ಲಿ ವಿಡಿಯೊ ನೂರಕ್ಕೆ ನೂರು ಅಸಲಿ, ಸುಳ್ಳಾಗಿದ್ದದ್ದು ಅದರೊಂದಿಗೆ ಹರಿದಾಡಿದ ಹೆಸರು. ಎಐ ಕೈವಾಡ ಹುಡುಕುವ ತಂತ್ರಾಂಶಕ್ಕೆ ಇಂಥದ್ದರಲ್ಲಿ ಹಿಡಿಯಲು ಏನೂ ಸಿಗದು. ಒಬ್ಬರಂತೆ ಇನ್ನೊಬ್ಬರು ಕಾಣುವುದು ಅಪರಾಧವೂ ಅಲ್ಲ. ಎಲ್ಲಿ ಚಿತ್ರೀಕರಿಸಿದ್ದು, ಮೊದಲು ಹಾಕಿದವರು ಯಾರು ಎಂದು ಮನುಷ್ಯರೇ ಹುಡುಕಬೇಕು. ಕೊನೆಗೆ ಮಹಾಂತೆ ಅವರೇ ವಿಡಿಯೊ ಮಾಡಿ, ಅದರಲ್ಲಿರುವುದು ತಾನೇ ಎಂದು ಸ್ಪಷ್ಟನೆ ಕೊಡಬೇಕಾಯಿತು.