ಓಡ್ತಾ ಇದೆಯಲ್ಲ ಸಾರ್!

ಮೊದಲೇ ಹೇಳಿಬಿಡ್ತೀನಿ, ಗಾಡಿಯ ಎಂಜಿನ್ ಬದಲಿಸೋದಕ್ಕೆ ನನ್ನ ತಕರಾರಿಲ್ಲ. ಹಾಗೆ ತಕರಾರು ತೆಗೆದರೆ ಮಲೆನಾಡಿನಲ್ಲಿ ನನಗೆ ಯಾರೂ ಒಂದು ಲೋಟ ಕಾಫಿ ಕೊಡಲಿಕ್ಕಿಲ್ಲ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ, ಅದರಲ್ಲೇ ಕಾಫಿ ಮೂಟೆ, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸು ಎಲ್ಲವನ್ನೂ ಸಾಗಿಸಿದ ಊರುಗಳಿವು. ಕಂಪನಿಗಳೇನು ಕಮ್ಮಿಯೇ? ಅಂಬಾಸಿಡರಿನ ಮೈ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನದು, ಆಮೇಲಾಮೇಲೆ ಅದರೊಳಗೆ ಬಂದು ಕೂತದ್ದು ಜಪಾನಿನ ಇಸುಜು. ಮಹೀಂದ್ರ ಜೀಪಿನ ಮೈ ಅಮೆರಿಕದ ವಿಲ್ಲೀಸಿನದು, ಎಷ್ಟೋ ಕಾಲ ಅದರ ಹೊಟ್ಟೆಯೊಳಗಿದ್ದದ್ದು ಫ್ರಾನ್ಸಿನ ಪ್ಯೂಜೋ. ಇವೂ ಕಸಿಯೇ. ಕಸಿ ಕಟ್ಟೋದು ಗೊತ್ತಿದ್ದವರು ಕಟ್ಟಿದರು, ಗಿಡ ಹಿಡೀತು, ಅಷ್ಟೆ.

ನನ್ನ ಸಿಟ್ಟು ಇರೋದು ಒಂದು ಮಾತಿನ ಮೇಲೆ. "ಓಡ್ತಾ ಇದೆಯಲ್ಲ ಸಾರ್!" ಈ ನಾಡಿನಲ್ಲಿ ಯಾವ ಕೆಟ್ಟ ಕೆಲಸಕ್ಕಾದರೂ ಕೊಡೋ ಸರ್ಟಿಫಿಕೇಟ್ ಇದು. ಸೋರೋ ಛಾವಣಿಗೂ ಇದೇ, ಬಗ್ಗಿದ ಕರೆಂಟು ಕಂಬಕ್ಕೂ ಇದೇ.

ನಾನು ತಗೊಂಡಿದ್ದು ಹಳೇ ಮಾರುತಿ ಜಿಪ್ಸಿ, ಎಂಜಿ 410. 1985ರಲ್ಲಿ ಈ ಗಾಡಿ ಬಂದಾಗ ಅದಕ್ಕಿದ್ದದ್ದು 970 ಸಿಸಿಯ ಕಾರ್ಬುರೇಟರ್ ಎಂಜಿನ್ನು, ಸುಮಾರು 45 ಕುದುರೆ ಶಕ್ತಿ. ಘಾಟಿ ಹತ್ತುವಾಗ ಪಾಪ, ದಮ್ಮು ಸಾಲದು. ಆಮೇಲೆ ಬಂದ ಜಿಪ್ಸಿ ಕಿಂಗ್‌ನದು 1298 ಸಿಸಿ, ಅದರ ಎಂಪಿಎಫ್‌ಐ ಎಂಜಿನ್ ಕೊಡೋದು 80 ಕುದುರೆ ಶಕ್ತಿ. ಹಾಗಾಗಿ ಹಳೇ ಜಿಪ್ಸಿಯ ಎಂಜಿನ್ ಸುಸ್ತಾದಾಗ ಗುಜರಿಯಿಂದ ಈ ದೊಡ್ಡ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ತಂದು ಕೂರಿಸೋದು ಒಳ್ಳೇ ಯೋಚನೆಯೇ. ನನಗಿಂತ ಮುಂಚಿನ ಮಾಲೀಕರು ಮಾಡಿಸಿದ್ದು ಅದನ್ನೇ. ಯೋಚನೆಗೆ ನೂರಕ್ಕೆ ನೂರು ಕೊಡ್ತೀನಿ. ಕೆಲಸಕ್ಕೆ ಎಷ್ಟು ಕೊಡಬೇಕು ಅನ್ನೋದನ್ನ ನೀವೇ ಹೇಳಿ.

ಕಾರ್ಬುರೇಟರಿಗೆ ಪೆಟ್ರೋಲ್ ಮೆಲ್ಲಗೆ ಬಂದರೆ ಸಾಕು, ಕಾಲು ಬಾರ್‌ನಷ್ಟು ಒತ್ತಡ ಇದ್ದರೆ ಆಯ್ತು. ಎಂಪಿಎಫ್‌ಐ ಹಾಗಲ್ಲ. ಅದಕ್ಕೆ ಎರಡೂವರೆ ಮೂರು ಬಾರ್ ಬೇಕು, ಅಂದರೆ ಹತ್ತು ಪಟ್ಟು. ಅದಕ್ಕೆಂದೇ ಬೇರೆ ಹೋಸು, ಬೇರೆ ಕ್ಲಿಪ್ಪು ಇದೆ. ನನ್ನ ಗಾಡಿಯಲ್ಲಿದ್ದದ್ದು ಕಾರ್ಬುರೇಟರ್ ಕಾಲದ ಅದೇ ಹಳೇ ರಬ್ಬರು. ಸ್ಕ್ರೂ ಕ್ಲಿಪ್ಪನ್ನ ಎಷ್ಟು ಬಿಗಿದಿದ್ದರೆಂದರೆ ಅದು ರಬ್ಬರನ್ನೇ ಕೊಯ್ದು ಒಳಗೆ ಇಳಿದಿತ್ತು. ಬಗ್ಗಿಸಿದರೆ ಬಿರುಕು ಕಾಣ್ತಿತ್ತು. ಅದು ಹಾದುಹೋಗಿದ್ದಾದರೂ ಎಲ್ಲಿ? ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ನಾಲ್ಕು ಬೆರಳು ದೂರದಲ್ಲಿ! ಬಿಸಿಯಾದ ಮ್ಯಾನಿಫೋಲ್ಡಿನ ಮೇಲೆ ಒತ್ತಡದ ಪೆಟ್ರೋಲು ಚಿಮ್ಮಿದರೆ ಏನಾಗತ್ತೆ ಅಂತ ಹೇಳೋದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಒಲೆ ಹಚ್ಚಿದವರಿಗೆಲ್ಲ ಗೊತ್ತು.

ಇನ್ನು ಪೆಟ್ರೋಲ್ ಪಂಪು. ಕಂಪನಿ ಕೊಟ್ಟ ವ್ಯವಸ್ಥೆಯಲ್ಲಿ ಈ ಪಂಪನ್ನ ನಡೆಸೋದು ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಯು. ಅದು ಒಂದು ರಿಲೇ ಮೂಲಕ ಪಂಪಿಗೆ ಕರೆಂಟು ಕೊಡತ್ತೆ. ಎಂಜಿನ್ ತಿರುಗೋದು ನಿಂತರೆ ಪಂಪೂ ನಿಲ್ಲಬೇಕು. ಗಾಡಿ ಗುದ್ದಿ ಎಂಜಿನ್ ಆರಿಹೋದಾಗ ಪಂಪು ಪೆಟ್ರೋಲ್ ಸುರೀತಾ ಇರಬಾರದು ಅನ್ನೋದಕ್ಕೇ ಈ ಏರ್ಪಾಡು. ನಮ್ಮ ಮೇಸ್ತ್ರಿಗೆ ಇದೆಲ್ಲ ರಗಳೆ ಅನ್ನಿಸಿರಬೇಕು. ಕೀ ಸ್ವಿಚ್ಚಿನಿಂದ ನೇರವಾಗಿ ಒಂದು ವೈರು ಎಳೆದು ಪಂಪಿಗೆ ಕೊಟ್ಟಿದ್ದ. ರಿಲೇ ಇಲ್ಲ, ಫ್ಯೂಸ್ ಇಲ್ಲ. ವೈರು ಯಾವುದು ಗೊತ್ತಾ? ಟೇಪ್ ರೆಕಾರ್ಡರಿನ ಸ್ಪೀಕರಿಗೆ ಹಾಕ್ತಾರಲ್ಲ, ಅದು. ಒಟ್ಟು 17 ಕಡೆ ವೈರುಗಳನ್ನ ಬರೀ ತಿರುಚಿ, ಮೇಲೆ ಇನ್ಸುಲೇಶನ್ ಟೇಪು ಸುತ್ತಿತ್ತು. ಬಿಸಿಗೆ ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಕೈಗೆ ಹತ್ತುತ್ತಿತ್ತು.

ಎಂಜಿನ್ ಮೌಂಟಿಗೆ ಆ್ಯಂಗಲ್ ಕಬ್ಬಿಣದ ತುಂಡು, ರಬ್ಬರು ಒಂದು ಕಡೆ ಮಾತ್ರ. ಹೋಗಲಿ ಬಿಡಿ.

ಬಿಡಲಾಗದ್ದು ಇನ್ನೊಂದಿದೆ. 970 ಸಿಸಿ ಎಂಜಿನ್ನಿನ ಪುಟ್ಟ ರೇಡಿಯೇಟರನ್ನೇ ಉಳಿಸಿಕೊಂಡಿದ್ದರು. ದೊಡ್ಡ ಎಂಜಿನ್ನಿನ ಬಿಸಿ ಅದಕ್ಕೆ ತಡೆಯಲಿಲ್ಲ. ಸರಿ, ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿದರು. "ನಮ್ಮ ದೇಶಕ್ಕೆ ಅದು ಬೇಕಾಗಲ್ಲ ಸಾರ್, ಅದೆಲ್ಲ ಚಳಿ ದೇಶಕ್ಕೆ" ಅನ್ನೋ ವೇದವಾಕ್ಯವನ್ನ ನೀವೂ ಯಾವುದಾದರೂ ಗ್ಯಾರೇಜಿನಲ್ಲಿ ಕೇಳಿರ್ತೀರಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ನು ಸಮತಟ್ಟು ರಸ್ತೆಯಲ್ಲಿ ಸರಿಯಾಗಿ ಬಿಸಿಯೇ ಆಗಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲನ್ನ ಧಾರಾಳವಾಗಿ ಸುರಿಯತ್ತೆ. ಮೈಲೇಜು ಹಾಳು. ಅಷ್ಟು ಮಾಡಿಯೂ ಘಾಟಿಯಲ್ಲಿ ಬಿಸಿ ಏರೋದು ನಿಂತಿರಲಿಕ್ಕಿಲ್ಲ. ಆಗ ಮಾಡಿದ ಉಪಾಯ ನೋಡಿ. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಗೆ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಟೆಂಪರೇಚರ್ ಮುಳ್ಳು ನೆಟ್ಟಗೆ ನಡುಮಧ್ಯಕ್ಕೆ ಬಂದು ನಿಂತಿತು. ಸ್ಟಾರ್ಟೇ ಮಾಡಿಲ್ಲ ಇನ್ನೂ! ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದರೆ ಎಂಜಿನ್ನಿನಿಂದ ಬರೋ ವೈರು ಕತ್ತರಿಸಿ, ಅದರ ಜಾಗದಲ್ಲಿ ರೇಡಿಯೋ ರಿಪೇರಿಯವರ ಹತ್ತಿರ ಸಿಗೋ ಒಂದು ಪುಟಾಣಿ ರೆಸಿಸ್ಟರ್ ಬೆಸುಗೆ ಹಾಕಿತ್ತು. ಎಂಜಿನ್ ಕುದೀತಾ ಇರಲಿ, ಮಂಜುಗಡ್ಡೆಯಾಗಿರಲಿ, ಮುಳ್ಳು ಹೇಳೋದು ಒಂದೇ: ಎಲ್ಲಾ ಕ್ಷೇಮ.

ಇದನ್ನ ಅಜ್ಞಾನ ಅಂತ ಹೇಗೆ ಒಪ್ಪೋದು? ಯಾವ ರೆಸಿಸ್ಟರ್ ಹಾಕಿದರೆ ಮುಳ್ಳು ಸರಿಯಾಗಿ ಮಧ್ಯಕ್ಕೆ ಬರತ್ತೆ ಅಂತ ಲೆಕ್ಕ ಹಾಕಿದ ತಲೆ ಅದು. ಇಡೀ ಗಾಡಿಯಲ್ಲಿ ಅಚ್ಚುಕಟ್ಟಾಗಿ ಬೆಸುಗೆ ಹಾಕಿದ್ದ ಜಾಗ ಅಂದರೆ ಅದೊಂದೇ! ಆ ಎಂಜಿನ್ನಿನ ಬ್ಲಾಕೂ ಅಲ್ಯೂಮಿನಿಯಮ್ಮು, ಹೆಡ್ಡೂ ಅಲ್ಯೂಮಿನಿಯಮ್ಮು. ಒಂದು ಸಲ ನೀರು ಬತ್ತಿ ಕಾದರೆ ಹೆಡ್ ಸೊಟ್ಟಗಾಗತ್ತೆ, ಗ್ಯಾಸ್ಕೆಟ್ ಹಾರತ್ತೆ. ಆಗುಂಬೆ ಘಾಟಿಯ ತಿರುವಿನಲ್ಲಿ ಹಿಂದೆ ಬಸ್ಸು, ಮುಂದೆ ಲಾರಿ, ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರೋವಾಗ ಮುಳ್ಳು ಎಲ್ಲಾ ಕ್ಷೇಮ ಅಂತಲೇ ಹೇಳ್ತಿರತ್ತೆ.

ಫೋನ್ ಮಾಡಿ ಕೇಳಿದೆ. "ನಾನು ನಾಲ್ಕು ವರ್ಷ ಓಡಿಸಿದ್ದೀನಿ ಸಾರ್, ಏನೂ ಆಗಿಲ್ಲ. ನೀವು ಸುಮ್ಮನೆ ಬಿಚ್ಚಿದ್ದೇ ತಪ್ಪು" ಅಂದರು. ಅಂದರೆ, ಹಾವು ಇಷ್ಟು ದಿನ ಕಚ್ಚಿಲ್ಲ, ಆದ್ದರಿಂದ ಅದು ಹಗ್ಗ.

ಈಗ ಕೆಲವರು ಎದ್ದು ನಿಲ್ತಾರೆ. ಬಡದೇಶ ಸ್ವಾಮಿ, ಇರೋದರಲ್ಲಿ ಮಾಡ್ಕೋಬೇಕು, ಇದೇ ನಮ್ಮ ಜುಗಾಡ್, ಇದನ್ನ ಹೊರದೇಶದವರೇ ಹೊಗಳ್ತಾರೆ ಅಂತ. ಬಡತನದ ಹೆಸರನ್ನ ಇದಕ್ಕೆ ಎಳೀಬೇಡಿ. ಒಂದು ಫ್ಯೂಸಿಗೆ ಎಷ್ಟು? ರಿಲೇಗೆ ಎಷ್ಟು? ಒಳ್ಳೇ ಹೋಸಿಗೆ ಎಷ್ಟು? ಈ ಮೂರರ ಖರ್ಚು ಆ ಗಾಡಿಯ ಮೇಲೆ ಹಾಕಿಸಿದ್ದ ಹಳದಿ ಫಾಗ್ ಲೈಟುಗಳ ದುಡ್ಡಿಗೆ ಸಮ ಬರಲಿಕ್ಕಿಲ್ಲ. ನಿಜವಾಗಿ ಕೈಯಲ್ಲಿ ಕಾಸಿಲ್ಲದವರ ಗಾಡಿಗಳನ್ನ ನಾನು ನೋಡಿದ್ದೀನಿ. ಬಾಡಿಗೆ ಜೀಪಿನ ಡ್ರೈವರ್ ಒಬ್ಬರಿದ್ದರು ನಮ್ಮ ಕಡೆ. ಅವರ ಜೀಪಿನಲ್ಲೂ ಬದಲಿ ಎಂಜಿನ್ನೇ. ಬಾನೆಟ್ ಎತ್ತಿದರೆ ಒಳಗಡೆ ಬಿಳೀ ಪೇಂಟಿನಲ್ಲಿ ದುಂಡಗೆ ಬರೆದಿರೋದು: ಫ್ಯಾನ್ ಬೆಲ್ಟು ಯಾವ ಗಾಡೀದು, ಕ್ಲಚ್ ಪ್ಲೇಟು ಯಾವುದರದ್ದು, ಆಯಿಲ್ ಫಿಲ್ಟರ್ ಯಾವುದು ಹಿಡಿಯತ್ತೆ, ಎಲ್ಲಾ. "ನಾಳೆ ನಾನಿಲ್ಲದೆ ಹೋದರೆ ಮಗ ಯಾರನ್ನ ಕೇಳ್ತಾನೆ ಮಾರಾಯ್ರೆ?" ಅಂತಿದ್ದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಜುಗಾಡ್ ಅಂತ ಯಾವುದನ್ನಾದರೂ ಹೊಗಳೋದಾದರೆ ಅದನ್ನ ಹೊಗಳಿ.

ಕಾನೂನು ಇಲ್ವೇ ಅಂತ ಕೇಳ್ತೀರಿ. ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇರೋದೇ ಇದಕ್ಕೆ. ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದರೆ ಕಾಗದದ ಕಣ್ಣಿಗೆ ಕಾಣೋದು ಎಂಜಿನ್ ನಂಬರು, ಬಿರುಕು ಬಿಟ್ಟ ಹೋಸಲ್ಲ. ಸರಿಯಾದ ದಾರಿ ಉದ್ದ, ಅಡ್ಡದಾರಿ ಹತ್ತಿರ ಅಂತಾದಾಗ ಜನ ಎಂಜಿನ್ನನ್ನೂ ಬಚ್ಚಿಡ್ತಾರೆ, ಅದರ ಜೊತೆಗೆ ಕೆಟ್ಟ ಕೆಲಸವನ್ನೂ ಬಚ್ಚಿಡ್ತಾರೆ. ಬಚ್ಚಿಟ್ಟದ್ದನ್ನ ಯಾರು ತಪಾಸಣೆ ಮಾಡ್ತಾರೆ? ನನ್ನ ಗಾಡಿಯ ಆರ್‌ಸಿಯಲ್ಲಿ ಇನ್ನೂ ಹಳೇ 970 ಸಿಸಿಯೇ ಇದೆ. ಸರಿಪಡಿಸೋದಕ್ಕೆ ಅರ್ಜಿ ಕೊಟ್ಟಿದ್ದೀನಿ. ಅದು ಇತ್ಯರ್ಥ ಆಗೋ ತನಕ ಜಿಪ್ಸಿ ಶೆಡ್ಡಿನಿಂದ ಹೊರಗೆ ಬರಲ್ಲ.

ಅಲ್ಲಿಯ ತನಕ ಕೆಲಸಕ್ಕೇನೂ ಬರ ಇಲ್ಲ. ವೈರಿಂಗ್ ಪೂರಾ ಕಿತ್ತು ಹೊಸದಾಗಿ ಎಳೆದಾಯ್ತು. ಪಂಪಿಗೆ ರಿಲೇ, ಫ್ಯೂಸ್ ಬಂತು. ಹೋಸು ಬದಲಾಗಿ, ದಾರಿಯೂ ಬದಲಾಗಿ, ಚಾಸಿಸ್ಸಿನ ಪಕ್ಕ ತಣ್ಣಗೆ ಹೋಗ್ತಿದೆ. ಜಿಪ್ಸಿ ಕಿಂಗ್‌ನದೇ ರೇಡಿಯೇಟರ್ ಗುಜರಿಯಲ್ಲಿ ಸಿಕ್ಕಿತು, ಥರ್ಮೋಸ್ಟಾಟ್ ಹೊಸದು. ಮುಳ್ಳು ಈಗ ಬೆಳಿಗ್ಗೆ ಕೆಳಗೆ ಮಲಗಿರತ್ತೆ, ಎಂಜಿನ್ ಬಿಸಿಯಾದ ಹಾಗೆ ನಿಧಾನಕ್ಕೆ ಏಳತ್ತೆ. ಏನೇನು ಬದಲಿಸಿದೆ ಅನ್ನೋದನ್ನ ಬಾನೆಟ್ಟಿನ ಒಳಗಡೆ ಬಿಳೀ ಪೇಂಟಿನಲ್ಲಿ ಬರೆಸಿದ್ದೀನಿ. ಎಡಗಡೆ ಮೌಂಟಿನ ರಬ್ಬರೊಂದು ಬಾಕಿ ಇದೆ. ಅಂಗಡಿಯವರು ಮುಂದಿನ ವಾರ ಅಂತ ಹೇಳಿ ಮೂರು ವಾರ ಆಯ್ತು.